ನಾಲ್ಕು ಮಿಲಿಮೀಟರ್ ವಾಲಿದ ಕೂಲರ್

ಮನೆಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಮಗಳೇ,

ಚೆನ್ನಾಗಿದ್ದೀಯ ತಾನೆ? ನಿನ್ನ ತಾಯಿಯವರ ಕಣ್ಣು ಹೇಗಿದೆ? ಆಪರೇಷನ್ ಆಗಿ ಇವತ್ತಿಗೆ ಎಂಟು ದಿನ, ಕೆಂಪು ಇಳಿದಿರಬೇಕು. ಔಷಧಿಯನ್ನು ರೆಪ್ಪೆಯ ಮೇಲೆ ಸುರಿಯಬೇಡ. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗೆ ಒಂದೇ ಒಂದು ಹನಿ ಬಿಡು. ಎರಡು ಔಷಧಿಗಳ ನಡುವೆ ಐದು ನಿಮಿಷವಾದರೂ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಕೊಂಡು ಹೋಗುತ್ತದೆ. ಬೀಗಿತ್ತಿಯವರು ಸುಮ್ಮನೆ ಕೂರುವ ಜಾಯಮಾನದವರಲ್ಲ ಎಂದು ನನಗೆ ಗೊತ್ತು. ಬಗ್ಗಿ ಏನನ್ನೂ ಎತ್ತಬಾರದು ಎಂದು ನಾನು ಹೇಳಿದೆನೆಂದು ಹೇಳು. ಹೊಸ ಕನ್ನಡಕಕ್ಕೆ ಒಂದೂವರೆ ತಿಂಗಳವರೆಗೆ ಯಾರೂ ಅವಸರ ಮಾಡಬೇಡಿ. ಆಮೇಲೆ ಇಲ್ಲಿಗೆ ಕರೆದುಕೊಂಡು ಬಾ, ನಾನೇ ಕೂರಿಸಿ ನೋಡುತ್ತೇನೆ. ಅಷ್ಟರೊಳಗೆ ಅಲ್ಲಿ ಯಾವನೋ ಅಂಗಡಿಯವನ ಮಾತು ಕೇಳಿ ಏನಾದರೂ ಮಾಡಿಸಿದ್ದು ತಿಳಿದರೆ ನನಗೆ ಕೋಪ ಬರುತ್ತದೆ, ಮೊದಲೇ ಹೇಳಿದ್ದೇನೆ.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಅತ್ತೆಯ ಮಂಡಿನೋವು ಎಂದಿನಂತೆಯೇ ಇದೆ. ಕೆಲಸವಿರುವಾಗ ನೋಯುತ್ತದೆ, ಪಕ್ಕದ ಮನೆಗೆ ಹರಟೆಗೆ ಹೊರಟಾಗ ಮಾಯವಾಗುತ್ತದೆ. (ಇದನ್ನು ಅವಳಿಗೆ ಹೇಳಿಬಿಡಬೇಡ.) ನಿನ್ನ ಗಂಡನಿಗೆ ನೀರಿನ ಘಟಕದಲ್ಲಿ ಕಳೆದ ವಾರ ಬೆಳಗಿನ ಪಾಳಿಯಿತ್ತು, ಈ ವಾರ ಮಧ್ಯಾಹ್ನದ್ದು. ಬಟ್ಟೆ ಒಗೆದು ಒಣಹಾಕುವುದನ್ನು ತಾನೇ ವಹಿಸಿಕೊಂಡಿದ್ದಾನೆ. ಆದರೆ ಅಂಗಿಗಳನ್ನೆಲ್ಲ ತೋಳು ಮೇಲೆ ಮಾಡಿ ತಂತಿಗೆ ಸಿಕ್ಕಿಸುತ್ತಾನೆ, ಪೊಲೀಸರಿಗೆ ಸಿಕ್ಕಿಬಿದ್ದವರ ಹಾಗೆ ಸಾಲಾಗಿ ಕೈಯೆತ್ತಿ ನಿಂತಿರುತ್ತವೆ. ನೀನಿಲ್ಲದೆ ಮನೆಯಲ್ಲಿ ಮಾತು ಕಡಿಮೆಯಾಗಿದೆ. ಊಟದ ಹೊತ್ತಿಗೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಚರ್ಚಿಸುತ್ತೇವೆ.

ಮನೆಯಲ್ಲಿ ಫೋನ್ ಇಟ್ಟುಕೊಂಡು ಈ ಮುದುಕ ಕಾಗದ ಏಕೆ ಬರೆಯುತ್ತಿದ್ದಾನೆ ಎಂದು ನೀನು ಯೋಚಿಸುತ್ತಿರಬಹುದು. ಫೋನಿನಲ್ಲಿ ನಾನು ಮಾತು ಶುರುಮಾಡುವಷ್ಟರಲ್ಲಿ ನೀನು ‘ಇರಲಿ ಬಿಡಿ ಮಾವ’ ಎಂದುಬಿಡುತ್ತೀಯ, ನಾನು ತಕ್ಷಣ ಬಿಟ್ಟುಬಿಡುತ್ತೇನೆ. ಇಷ್ಟು ವರ್ಷ ಹಾಗೇ ನಡೆದಿದೆ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ. ಶನಿವಾರ ನೀನು ಫೋನ್ ಮಾಡಿ ‘ಮಾವ, ಶಾಲೆಯವರಿಗೆ ತಲುಪ್ತಂತೆ, ತುಂಬಾ ಉಪಕಾರ ಆಯ್ತು’ ಎಂದೆ. ನಾನು ‘ಅದರಲ್ಲೇನಿದೆ, ಗುಂಡಿ ಒತ್ತಿದ್ದಷ್ಟೇ’ ಎಂದೆ. ಅದು ಸುಳ್ಳು. ಗುರುವಾರ ಸಂಜೆ ‘ನಡೀತಾ ಇದೆ, ನೀನು ಚಿಂತೆ ಮಾಡಬೇಡ’ ಎಂದದ್ದು ಅದಕ್ಕಿಂತ ದೊಡ್ಡ ಸುಳ್ಳು. ಆ ಹೊತ್ತಿಗೆ ನಿನ್ನ ಕಂಪ್ಯೂಟರಿನ ಹೊಟ್ಟೆ ಬಗೆದು ಊಟದ ಮೇಜಿನ ಮೇಲೆ ಹಾಕಿಕೊಂಡು, ಅದರ ಎದುರು ತಲೆಯ ಮೇಲೆ ಕೈಹೊತ್ತು ಕುಳಿತಿದ್ದೆ. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದೂ ನಡುವೆ ಬರುತ್ತದೆ, ಸಹಿಸಿಕೋ. ಮೊದಲಿನಿಂದ ಹಿಡಿಯದಿದ್ದರೆ ನನಗೆ ಎಳೆ ಸಿಗುವುದಿಲ್ಲ.

ನೀನು ಹೊರಟ ಭಾನುವಾರ ಬೆಳಿಗ್ಗೆ ನನ್ನನ್ನು ಕೂರಿಸಿಕೊಂಡು ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ಶಿಶುಶಾಲೆಯ ಕಟ್ಟಡದ ನಕ್ಷೆಯಲ್ಲಿ ಅವರು ಕೊನೆಯ ಗಳಿಗೆಯಲ್ಲಿ ಕಿಟಕಿಗಳನ್ನು ಕೆಳಗಿಳಿಸಲು ಹೇಳಿದ್ದರು, ಮಕ್ಕಳಿಗೆ ಕುಳಿತಲ್ಲಿಂದಲೇ ಹೊರಗೆ ಕಾಣಬೇಕೆಂದು. ಅದನ್ನು ನೀನು ತಿದ್ದಿಟ್ಟಿದ್ದೆ. ನಾನು ಬುಧವಾರ ಬೆಳಿಗ್ಗೆ ಯಂತ್ರ ಚಾಲೂ ಮಾಡಿ, ನೀನು ತೋರಿಸಿದ ಗುಂಡಿ ಒತ್ತಿ, ಏಳು ಗಂಟೆಗಳ ಕಾಲ ಬಿಡಬೇಕು. ನಕ್ಷೆಯಿಂದ ಬಣ್ಣದ ಚಿತ್ರಗಳು ತಾವಾಗಿಯೇ ತಯಾರಾಗುತ್ತವೆ. ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಅವನ್ನು ಶಾಲೆಯವರಿಗೆ ಕಳಿಸಬೇಕು, ತಡವಾದರೆ ಕೆಲಸ ಇನ್ನೊಬ್ಬರ ಪಾಲು. ಇಷ್ಟೇ. ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ ಎಂದು ನಾನು ಜಂಬ ಕೊಚ್ಚಿದ್ದೆ.

ಬುಧವಾರ ಒತ್ತಿದೆ. ನಲವತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಆಮೇಲೆ ಫ್ಯಾನು ಒಂದೇ ಸಮನೆ ಕೂಗತೊಡಗಿ, ಪರದೆ ಕಪ್ಪಾಗಿ, ಎಲ್ಲ ನಿಂತುಹೋಯಿತು. ಮತ್ತೆ ಚಾಲೂ ಮಾಡಿದೆ, ಮತ್ತೆ ಅದೇ ಕಥೆ. ನಿನ್ನ ಗಂಡ ಪಾಳಿ ಮುಗಿಸಿ ಬಂದವನು ಒಮ್ಮೆ ನೋಡಿ, ‘ಅಪ್ಪ, ರಿಪೇರಿಯವರನ್ನ ಕರೆಸೋಣ, ನೀವು ಮಾತ್ರ ಅದನ್ನ ಮುಟ್ಟಬೇಡಿ’ ಎಂದ. ನನಗೆ ಮುಟ್ಟಬೇಡಿ ಎಂದರೆ ಹೇಗಾಗುತ್ತದೆಂದು ನಿನಗೆ ಗೊತ್ತೇ ಇದೆ. ನಲವತ್ತೊಂದು ವರ್ಷ ಕನ್ನಡಕದ ಅಂಗಡಿಯಲ್ಲಿ ಸಾಸಿವೆ ಗಾತ್ರದ ಸ್ಕ್ರೂ ಬಿಗಿದ ಕೈ ಇದು. ಅವನು ಸ್ನಾನಕ್ಕೆ ಹೋದದ್ದೇ ತಡ, ನನ್ನ ಸಣ್ಣ ಸ್ಕ್ರೂಡ್ರೈವರ್ ತಂದು ಕಂಪ್ಯೂಟರ್ ಡಬ್ಬಿಯ ಪಕ್ಕದ ಗಾಜನ್ನು ತೆಗೆದೆ. ಸ್ವಿಚ್ಚು ಆರಿಸಿ, ತಂತಿ ಕಿತ್ತೇ ತೆಗೆದೆ, ಅಷ್ಟು ಬುದ್ಧಿ ಇದೆ. ಇರಲಾರದವರು ಇರುವೆ ಬಿಟ್ಟುಕೊಂಡರಂತೆ ಎಂದು ನಿನ್ನ ಅತ್ತೆ ಅಡುಗೆಮನೆಯಿಂದಲೇ ಹೇಳಿದಳು.

ಒಳಗೆ ನೋಡಿದರೆ ನಡುಮಧ್ಯದಲ್ಲಿ ಒಂದು ದೊಡ್ಡ ಗಂಟು. ತಗಡಿನ ಪದರಗಳು, ನಡುವೆ ತಾಮ್ರದ ಕೊಳವೆಗಳು, ಮುಂದೆ ಫ್ಯಾನು. ಅದು ಕೂಲರ್ ಎಂದೂ, ಅದರ ಬುಡದಲ್ಲಿರುವ ಪ್ರೊಸೆಸರ್ ಎಂಬ ಬಿಲ್ಲೆಯೇ ಎಲ್ಲ ಲೆಕ್ಕ ಮಾಡುವುದೆಂದೂ, ಆ ಲೆಕ್ಕದ ಬಿಸಿಯನ್ನು ಇದು ಹೀರಿ ಹೊರಹಾಕುವುದೆಂದೂ ಆಮೇಲೆ ತಿಳಿಯಿತು. ನನಗೆ ಆಗ ಕಂಡದ್ದು ಒಂದೇ: ಅದು ವಾಲಿತ್ತು. ಕಣ್ಣನ್ನು ಅಂಚಿನ ಮಟ್ಟಕ್ಕೆ ತಂದು, ಫ್ರೇಮು ನೆಟ್ಟಗಿದೆಯೇ ಎಂದು ನೋಡುವ ಹಾಗೆ ನೋಡಿದೆ. ನನ್ನ ಅಳತೆಪಟ್ಟಿ ಹಿಡಿದೆ. ಗೋಡೆಯಂತೆ ನಿಂತ ಹಲಗೆಗೆ ಆ ಗಂಟನ್ನು ಅಡ್ಡಡ್ಡ ಸಿಕ್ಕಿಸಿದ್ದಾರೆ, ಅದರ ಹೊರತುದಿ ಒಳತುದಿಗಿಂತ ನಾಲ್ಕು ಮಿಲಿಮೀಟರ್ ಕೆಳಗೆ ಜಗ್ಗಿತ್ತು. ಒಂದು ಮಿಲಿಮೀಟರ್ ಓರೆಯಾದ ಲೆನ್ಸಿಗೆ ಜನ ತಲೆನೋವೆಂದು ವಾಪಸು ಬರುತ್ತಾರೆ, ಇಲ್ಲಿ ನಾಲ್ಕು! ಕಾಯಿಲೆ ಸಿಕ್ಕಿತು ಎಂದು ನನಗೆ ಖುಷಿಯೋ ಖುಷಿ.

ಅರ್ಧ ಫ್ರೇಮಿನ ಕನ್ನಡಕದಲ್ಲಿ ಗಾಜನ್ನು ಕೆಳಗಿನಿಂದ ಹಿಡಿದಿಡಲು ಒಂದು ನೈಲಾನ್ ದಾರ ಹಾಕುತ್ತೇವೆ, ನೀನು ನೋಡಿದ್ದೀಯ. ಕೂದಲಿಗಿಂತ ತುಸು ದಪ್ಪ, ಆದರೆ ಎಳೆದರೆ ಬೆರಳು ಕತ್ತರಿಸೀತೇ ಹೊರತು ಅದು ಹರಿಯುವುದಿಲ್ಲ. ಅದನ್ನು ನಾಲ್ಕು ಎಳೆ ಮಾಡಿ ಕೂಲರಿನ ಹೊರತುದಿಗೆ ಸುತ್ತಿ, ಡಬ್ಬಿಯ ಮೇಲಿನ ಜಾಲರಿಗೆ ಬಿಗಿದು ಕಟ್ಟಿದೆ. ತುದಿ ಮೇಲೆದ್ದಿತು. ಅಳತೆಪಟ್ಟಿ ಹಿಡಿದರೆ ಸಮ. ಮತ್ತೆ ಚಾಲೂ ಮಾಡಿದೆ. ಒಂದು ಗಂಟೆ ಹತ್ತು ನಿಮಿಷ ನಡೆದು ನಿಂತಿತು. ಮೊದಲಿಗಿಂತ ಅರ್ಧ ಗಂಟೆ ಹೆಚ್ಚು ಎಂದು ನಾನು ಸಮಾಧಾನ ಮಾಡಿಕೊಂಡೆ. ಏಳು ಗಂಟೆಗೆ ಇನ್ನೂ ಐದು ಗಂಟೆ ಐವತ್ತು ನಿಮಿಷ ಕಡಿಮೆ ಎಂದು ನಿನ್ನ ಗಂಡ ಲೆಕ್ಕ ಹೇಳಿದ.

ಗುರುವಾರ ಬೆಳಿಗ್ಗೆ, ಅವನು ಪಾಳಿಗೆ ಹೋದ ಮೇಲೆ, ನಾನು ಮಾಡಬಾರದ್ದನ್ನು ಮಾಡಿದೆ. ಕೂಲರನ್ನು ಪೂರ್ತಿಯಾಗಿ ಬಿಚ್ಚಿದೆ. ಬುಡದಲ್ಲಿ ನೋಡಿದರೆ ಅಯ್ಯೋ ಅನಿಸಿತು. ಬಿಲ್ಲೆಯ ಮೇಲೂ ಕೂಲರಿನ ಅಡಿಯಲ್ಲೂ ಬೂದು ಬಣ್ಣದ ಒಣಗಿದ ಮಡ್ಡಿ, ಅಂಚುಗಳಲ್ಲಿ ಗಟ್ಟಿಕಟ್ಟಿದೆ. ಅಷ್ಟು ನಾಜೂಕಾದ ಯಂತ್ರದೊಳಗೆ ಇಷ್ಟು ಕೊಳೆ! ಬಿಸಿಯಾಗದೆ ಇನ್ನೇನು? ನಾನು ಎಂಥವನೆಂದು ನಿನಗೆ ಗೊತ್ತು, ಗಾಜಿನ ಮೇಲೆ ಒಂದು ಬೆರಳಚ್ಚು ಕಂಡರೆ ನನಗೆ ಊಟ ಸೇರುವುದಿಲ್ಲ. ಲೆನ್ಸ್ ತೊಳೆಯುವ ದ್ರಾವಣ ಹಾಕಿ, ಮೆತ್ತನೆಯ ಬಟ್ಟೆ ತೆಗೆದುಕೊಂಡು ಮುಕ್ಕಾಲು ಗಂಟೆ ಕುಳಿತು ಉಜ್ಜಿದೆ. ಎರಡರಲ್ಲೂ ನನ್ನ ಮುಖ ಕಾಣಿಸುವವರೆಗೆ ಬಿಡಲಿಲ್ಲ. ನಿನ್ನ ಅತ್ತೆಯನ್ನು ಕರೆದು ತೋರಿಸಿದೆ. ಅವಳೂ ‘ಪರವಾಗಿಲ್ಲ, ಪಾತ್ರೆ ತೊಳೆಯೋದಕ್ಕೂ ಹೀಗೇ ಬಂದಿದ್ರೆ ಚೆನ್ನಾಗಿರ್ತಿತ್ತು’ ಎಂದಳು. ಮತ್ತೆ ಜೋಡಿಸಿ, ದಾರ ಕಟ್ಟಿ, ಹೆಮ್ಮೆಯಿಂದ ಗುಂಡಿ ಒತ್ತಿದೆ.

ಒಂದೂವರೆ ನಿಮಿಷಕ್ಕೆ ನಿಂತಿತು. ಮತ್ತೊಮ್ಮೆ, ಒಂದೇ ನಿಮಿಷ. ಆಮೇಲೆ ಗುಂಡಿ ಒತ್ತಲು ನನಗೆ ಧೈರ್ಯವೇ ಬರಲಿಲ್ಲ. ನಿನ್ನ ಏಳು ತಿಂಗಳ ಕೆಲಸ ಆ ಡಬ್ಬಿಯಲ್ಲಿದೆ, ಅದನ್ನು ನಾನು ಉಜ್ಜಿ ಅಳಿಸಿಹಾಕಿದೆನೇನೋ ಅನ್ನಿಸಿತು. ನಗಬೇಡ, ಆ ಬಿಲ್ಲೆಯ ಮೇಲೆಯೇ ಎಲ್ಲ ಬರೆದಿರುತ್ತದೆ ಎಂದು ನಾನು ತಿಳಿದಿದ್ದೆ. ಸಂಜೆಯವರೆಗೂ ಅದರ ಮುಂದೆಯೇ ಕುಳಿತಿದ್ದೆ, ಆಗ ನಿನ್ನ ಫೋನ್ ಬಂತು. ಅತ್ತ ನೀನು ತಾಯಿಯ ಕಣ್ಣಿನ ಪಟ್ಟಿ ಬಿಚ್ಚಿದ ಸಂತೋಷದಲ್ಲಿದ್ದೆ, ಇತ್ತ ನಾನು ನಡೀತಾ ಇದೆ ಎಂದೆ. ಫೋನ್ ಇಟ್ಟ ಮೇಲೆ ನಿನ್ನ ಅತ್ತೆ ಒಂದು ಮಾತೂ ಬೈಯಲಿಲ್ಲ. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರಿ ಎಂದಷ್ಟೇ ಹೇಳಿ, ಕಾಫಿ ತಂದಿಟ್ಟಳು. ಬೈದಿದ್ದರೆ ವಾಸಿಯಿತ್ತು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ರಿಪೇರಿಯವರನ್ನು ಕರೆಸಿದೆವು. ಮೂಲೆ ಅಂಗಡಿಯವರು, ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು, ನನ್ನ ವಾರಿಗೆಯವರೇ. ಅವರ ಮೊದಲ ಕನ್ನಡಕ ಮಾಡಿಕೊಟ್ಟವನೇ ನಾನು. ಕೂಲರ್ ಬಿಚ್ಚಿ, ಅದರ ಅಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ‘ಇಷ್ಟು ಚೊಕ್ಕವಾಗಿ ಒರೆಸಿದೋರು ಯಾರು ಯಜಮಾನ್ರೇ?’ ಎಂದರು. ‘ನಾನೇ’ ಎಂದೆ. ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಬೂದು ಮಡ್ಡಿ ಕೊಳೆಯಲ್ಲವಂತೆ. ಅದು ಪೇಸ್ಟಂತೆ, ಬೇಕೆಂದೇ ಹಾಕಿದ್ದು. ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ಲೋಹದ ಮೇಲೆ ಸಣ್ಣ ಸಣ್ಣ ಗೀರು, ಗುಳಿ ಇರುತ್ತವೆ, ಅಲ್ಲಿ ಗಾಳಿ ನಿಂತರೆ ಬಿಸಿ ದಾಟುವುದಿಲ್ಲ. ಆ ಸಂದುಗಳನ್ನು ತುಂಬಲು ಪೇಸ್ಟು. ‘ಒರೆಸಿದ್ದೇನೋ ಸರಿಯಾಗೇ ಒರೆಸಿದೀರಿ, ಹೊಸದು ಹಾಕೋ ಮುಂಚೆ ನಾವೂ ಹೀಗೇ ಒರೆಸಬೇಕು. ಹಾಕೋದನ್ನ ಮರೆತಿರಿ ಅಷ್ಟೇ’ ಎಂದರು. ನಿನ್ನ ಕೆಲಸವೆಲ್ಲ ಬೇರೆಯೇ ಭಾಗದಲ್ಲಿ ಸುರಕ್ಷಿತವಾಗಿದೆ ಎಂದೂ ಹೇಳಿದರು. ಆ ಮಾತು ಕೇಳಿ ನನಗೆ ಕುಳಿತಲ್ಲೇ ಕಣ್ಣು ತುಂಬಿ ಬಂತು.

ಆದರೆ ಪೇಸ್ಟಿನಿಂದ ವಾಲುವುದು ಸರಿಹೋಗುವುದಿಲ್ಲವಲ್ಲ. ಅವರು ಟಾರ್ಚ್ ಹಿಡಿದು ಕೂಲರನ್ನು ಹಲಗೆಗೆ ಕಚ್ಚಿಸುವ ಪ್ಲಾಸ್ಟಿಕ್ ಚೌಕಟ್ಟನ್ನು ನೋಡಿದರು. ಸ್ಕ್ರೂ ಕೂರುವ ಅದರ ನಾಲ್ಕು ಕಿವಿಗಳಲ್ಲಿ ಒಂದು ಬಿರುಕುಬಿಟ್ಟು ಅರ್ಧ ಮುರಿದಿತ್ತು. ಹಿಡಿತ ಒಂದು ಕಡೆ ಸಡಿಲವಾದದ್ದರಿಂದಲೇ ಮುಂದಿನ ಭಾರ ಕೆಳಗೆ ಜಗ್ಗಿದೆ, ಬುಡದಲ್ಲಿ ಸಂದು ಬಿಟ್ಟಿದೆ. ಇದು ನನಗೆ ತಟ್ಟನೆ ಅರ್ಥವಾಯಿತು. ಕನ್ನಡಕ ಮೂಗಿನಿಂದ ಜಾರುತ್ತದೆ ಎಂದು ಬರುವವರೆಲ್ಲ ಮೂಗನ್ನು ಬೈಯುತ್ತಾರೆ, ತೊಂದರೆ ಇರುವುದು ಕಿವಿಯ ಹಿಂದೆ. ಹಾಗೆಂದು ಹೇಳುತ್ತ ಅವರ ಮುಖ ನೋಡಿದರೆ ಅವರ ಕನ್ನಡಕವೂ ಮೂಗಿನ ತುದಿಗೆ ಬಂದು ನಿಂತಿತ್ತು. ಆಮೇಲೆ ಅದನ್ನು ಬಿಚ್ಚಿಸಿಕೊಂಡು ಕಡ್ಡಿ ಬಗ್ಗಿಸಿ ಸರಿಮಾಡಿಕೊಟ್ಟೆ.

ಈಗ ಕೇಳು. ಬಿರುಕು ನೋಡುತ್ತಲೇ ಅವರು ‘ಇದು ಒಂದೇ ಏಟಿಗೆ ಒಡೆದದ್ದಲ್ಲ, ಅಲುಗಾಡಿ ಅಲುಗಾಡಿ ಒಡೆದದ್ದು. ಇಷ್ಟು ಭಾರದ ಕೂಲರ್ ಇರೋ ಡಬ್ಬಿ ಒಂದೇ ಕಡೆ ಕೂತಿರಬೇಕು. ಇದನ್ನ ದಿನಾ ಎತ್ತಾಡೋರು ಯಾರು?’ ಎಂದು ಕೇಳಿದರು. ನಾನು ಯಾರೂ ಇಲ್ಲ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಿತ್ತು ನನ್ನ ದನಿ. ನಿನ್ನ ಅತ್ತೆ ಒದ್ದೆ ಕೈಯಲ್ಲೇ ಹೊರಗೆ ಬಂದಳು. ‘ಯಾರೂ ಇಲ್ಲ ಅಂತ ಯಾಕೆ ಹೇಳ್ತೀರಿ? ಬೆಳಿಗ್ಗೆ ತಿಂಡಿ ಆದ ಮೇಲೆ ಮಹಡಿಯಿಂದ ಕೆಳಗೆ, ಸಂಜೆ ದೀಪ ಹಾಕೋ ಹೊತ್ತಿಗೆ ಕೆಳಗಿಂದ ಮಹಡಿಗೆ. ಮಗ ಮನೇಲಿದ್ದ ದಿನ ಅವನು, ಇಲ್ಲದ ದಿನ ಅವಳು. ನಾಲ್ಕು ವರ್ಷ ಆಯ್ತು. ನಿಮ್ಮ ಕಣ್ಣಿಗೆ ಮಾತ್ರ ಬಿದ್ದಿಲ್ಲ’ ಎಂದಳು. ಪರರ ಕಣ್ಣಿಗೆ ಗಾಜು ಕೂರಿಸುತ್ತ ಆಯಸ್ಸು ಕಳೆದವನಿಗೆ ಈ ಮಾತು ಸಾಕಲ್ಲ. ಆಮೇಲೆ ಇನ್ನೊಂದು ಹೇಳಿದಳು, ದನಿ ತಗ್ಗಿಸಿ. ‘ಈ ಶಾಲೆ ಕೆಲಸ ಒಂದು ಮುಗಿದ್ರೆ ಬಿಟ್ಟುಬಿಡ್ತೀನಿ ಅತ್ತೆ, ಎತ್ತಿ ಇಳಿಸಿ ಸಾಕಾಯ್ತು ಅಂದಿದ್ಲು ನನ್ನ ಹತ್ತಿರ.’

ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಅದು ಮೂರನೆಯ ಸುಳ್ಳಾಗುತ್ತದೆ. ಡಬ್ಬಿ ಬೆಳಿಗ್ಗೆ ಮೇಜಿನ ಮೇಲಿರುವುದು, ಸಂಜೆ ಇಲ್ಲದಿರುವುದು ನನಗೆ ಕಾಣುತ್ತಿತ್ತು. ನಡುವೆ ಹದಿನೇಳು ಮೆಟ್ಟಿಲಿದೆ ಎಂದು ಯೋಚಿಸಲಿಲ್ಲ, ಅಷ್ಟೇ. ನೀನು ಆಫೀಸು ಬಿಟ್ಟು ಮನೆಯಿಂದ ಕೆಲಸ ಶುರುಮಾಡಿದಾಗ ಸಂಜೆಯಾದ ಮೇಲೆ ಮನೆ ಮನೆಯ ಹಾಗಿರಬೇಕು, ಆಫೀಸಿನ ಹಾಗಲ್ಲ ಎಂದವನು ನಾನು. ಅದೇ ತಿಂಗಳು ನೀನು ಮನೆಯ ಮುಂಭಾಗದ ನನ್ನ ಹಳೆ ಅಂಗಡಿ ಕೋಣೆಯ ಬಾಗಿಲಲ್ಲಿ ನಿಂತು ‘ಈ ಕೋಣೆ ಖಾಲಿ ಇದೆಯಲ್ಲ ಮಾವ’ ಎಂದು ಕೇಳಿದ್ದೆ. ಖಾಲಿ ಎಲ್ಲಿದೆ, ನಾನಿದ್ದೇನಲ್ಲ ಎಂದೆ. ಆಗಲೂ ನೀನು ‘ಇರಲಿ ಬಿಡಿ ಮಾವ’ ಎಂದೆ. ಅಂಗಡಿ ಮುಚ್ಚಿ ಆರು ವರ್ಷವಾಗಿತ್ತು, ಯಾವ ಗಿರಾಕಿಯೂ ಇರಲಿಲ್ಲ. ದಿನಾ ಬೆಳಿಗ್ಗೆ ಹೋಗಿ ಆ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆ. ಅಷ್ಟಕ್ಕೆ ಒಂದು ಕೋಣೆ. ಆಗ ನನಗೆ ಆ ಕೋಣೆ ಕೊಟ್ಟರೆ ನಾನು ಯಾರೂ ಅಲ್ಲದವನಾಗುತ್ತೇನೆ ಎಂಬ ಭಯವಿತ್ತು ಮಗಳೇ. ಇದನ್ನು ನಿನ್ನ ಅತ್ತೆಗೂ ಹೇಳಿರಲಿಲ್ಲ.

ಹೊಸ ಚೌಕಟ್ಟು ಸೋಮವಾರಕ್ಕೆ ಮುಂಚೆ ಸಿಗುವುದಿಲ್ಲ ಎಂದರು ರಿಪೇರಿಯವರು. ನಮಗಿದ್ದದ್ದು ಶನಿವಾರ ಹನ್ನೆರಡರ ಗಡುವು. ಅವರು ಬಟಾಣಿ ಕಾಳಿನಷ್ಟು ಪೇಸ್ಟು ಬಿಲ್ಲೆಯ ನಡುವೆ ಇಟ್ಟು, ಕೂಲರನ್ನು ಅದರ ಮೇಲೆ ಕೂರಿಸಿ, ಇರುವ ಮೂರು ಕಿವಿಗಳಲ್ಲೇ ಬಿಗಿದರು. ಆಮೇಲೆ ಸುಲಭದ ಉಪಾಯ ಹೇಳಿದರು: ಡಬ್ಬಿಯನ್ನು ನಿಲ್ಲಿಸಬೇಡಿ, ಮಲಗಿಸಿ. ಮಲಗಿಸಿದರೆ ಹಲಗೆ ನೆಲದಂತಾಗುತ್ತದೆ, ಕೂಲರ್ ಅದರ ಮೇಲೆ ನೆಟ್ಟಗೆ ನಿಲ್ಲುತ್ತದೆ, ಜಗ್ಗಲು ಏನೂ ಇರುವುದಿಲ್ಲ, ಭಾರವೇ ಅದನ್ನು ಒತ್ತಿ ಹಿಡಿಯುತ್ತದೆ. ಎರಡು ದಿನ ದಾರ ಕಟ್ಟಿ ಒದ್ದಾಡಿದ ನನಗೆ ಇದು ಹೊಳೆಯಲೇ ಇಲ್ಲ ನೋಡು. ನನ್ನ ದಾರವನ್ನು ಮಾತ್ರ ಅವರು ಬಿಸಾಡಲಿಲ್ಲ, ‘ಐಡಿಯಾ ಚೆನ್ನಾಗಿದೆ, ಇರಲಿ’ ಎಂದು ಮತ್ತೆ ಕಟ್ಟಿದರು. ಇದನ್ನು ನಿನ್ನ ಗಂಡನಿಗೆ ಮೂರು ಸಲ ಹೇಳಿದ್ದೇನೆ, ನೀನೂ ಒಮ್ಮೆ ಹೇಳು.

ಆದರೆ ಮಲಗಿಸುವುದೆಲ್ಲಿ? ಅಗಲವಾದ, ಅಲುಗದ ಜಾಗ ಬೇಕು, ಇಡೀ ದಿನ ಯಾರೂ ಮುಟ್ಟಬಾರದು. ಊಟದ ಮೇಜಿನ ಒಂದು ಕಾಲು ಗಿಡ್ಡ, ಕೈ ಊರಿದರೆ ತೊಟ್ಟಿಲಂತೆ ತೂಗುತ್ತದೆ. ಮಹಡಿಯ ಕೋಣೆಯಲ್ಲಿ ನೆಲ ಬಿಟ್ಟರೆ ಜಾಗವಿಲ್ಲ. ರಿಪೇರಿಯವರು ನನ್ನ ಮುಖ ನೋಡಿದರು, ನಿನ್ನ ಅತ್ತೆ ಗೋಡೆ ನೋಡಿದಳು. ನಾನು ಹೋಗಿ ಅಂಗಡಿ ಕೋಣೆಯ ಬೀಗ ತೆಗೆದೆ. ಗಾಜು ಜೋಡಿಸುತ್ತಿದ್ದ ಉದ್ದನೆಯ ಮೇಜಿನ ಮೇಲಿದ್ದ ಫ್ರೇಮಿನ ತಟ್ಟೆಗಳು, ಪರೀಕ್ಷೆಯ ಲೆನ್ಸುಗಳ ಪೆಟ್ಟಿಗೆ, ಹಳೆ ಪತ್ರಿಕೆಯ ಕಟ್ಟು, ಎಲ್ಲವನ್ನೂ ಒಂದು ಕಡೆಗೆ ಸರಿಸಿದೆ. ಡಬ್ಬಿಯನ್ನು ನಾನೇ ಎತ್ತುತ್ತೇನೆ ಎಂದು ಹಟ ಹಿಡಿದೆ. ಹದಿನೇಳು ಮೆಟ್ಟಿಲಲ್ಲ, ಹತ್ತು ಹೆಜ್ಜೆ. ಎದೆಗವಚಿಕೊಂಡು ಹೋಗುವಷ್ಟರಲ್ಲಿ ಬೆರಳು ಕೆಂಪಾದವು, ಸೊಂಟ ಹಿಡಿಯಿತು. ಹನ್ನೆರಡು ಕಿಲೋ ಇರಬಹುದೆಂದರು ಅವರು. ನೀನು ಅದನ್ನು ಹೊತ್ತುಕೊಂಡು, ಕಾಲ ಕೆಳಗಿನ ಮೆಟ್ಟಿಲು ಕಾಣದೆ, ನನ್ನ ಕೋಣೆಯ ಬಾಗಿಲು ದಾಟಿ ಹೋಗುತ್ತಿದ್ದೆ ಎಂದು ಯೋಚಿಸಿದೆ. ನಾಚಿಕೆಯಾಯಿತು. ಈಗಲೂ ಬರೆಯುವಾಗ ಆಗುತ್ತಿದೆ.

ಹನ್ನೊಂದಕ್ಕೆ ಗುಂಡಿ ಒತ್ತಿದೆವು. ಬಿಸಿ ಎಷ್ಟಿದೆ ಎಂದು ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿಕೊಟ್ಟು, ತೊಂಬತ್ತು ದಾಟಿದರೆ ಕರೆಯಿರಿ ಎಂದು ಹೇಳಿ ಅವರು ಹೋದರು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಳಿತೆ. ಅರವತ್ತೆರಡು, ಅರವತ್ತಾರು, ಅರವತ್ತೆಂಟು. ಅಲ್ಲಿಂದ ಮೇಲೆ ಹೋಗಲಿಲ್ಲ. ಮಧ್ಯಾಹ್ನ ಊಟವನ್ನು ನಿನ್ನ ಅತ್ತೆ ಅಲ್ಲಿಗೇ ತಂದಳು, ತಾನೂ ಒಂದು ತಟ್ಟೆ ಹಿಡಿದು ಗಿರಾಕಿಗಳ ಕುರ್ಚಿಯಲ್ಲಿ ಕುಳಿತಳು. ಚಿತ್ರಗಳು ಒಂದೊಂದಾಗಿ ತೆರೆದುಕೊಳ್ಳತೊಡಗಿದವು. ನೀನು ಮಾಡುವುದು ಗೆರೆ ಎಳೆಯುವ ಕೆಲಸ ಎಂದು ನಾನು ಇಷ್ಟು ದಿನ ತಿಳಿದಿದ್ದೆ. ಆ ತಗ್ಗು ಕಿಟಕಿಗಳು, ಅವುಗಳಿಂದ ನೆಲದ ಮೇಲೆ ಬಿದ್ದ ಬಿಸಿಲು, ಕೈತೊಳೆಯುವ ತೊಟ್ಟಿ ಮಗುವಿನ ಸೊಂಟದೆತ್ತರಕ್ಕೆ, ಗೋಡೆಯ ಮೂಲೆಗಳೆಲ್ಲ ಹಣೆ ಬಡಿಯದಂತೆ ದುಂಡಗೆ. ನಿನ್ನ ಅತ್ತೆ ‘ಇವಳು ಇಷ್ಟೆಲ್ಲ ಯೋಚನೆ ಮಾಡ್ತಾಳಾ?’ ಎಂದಳು. ಮಾಡುತ್ತಾಳೆ ಎಂದೆ, ನನಗೆ ಮೊದಲೇ ಗೊತ್ತಿದ್ದವನ ಹಾಗೆ. ಸಂಜೆ ಆರೂಕಾಲಿಗೆ ಮುಗಿಯಿತು. ಶನಿವಾರ ಬೆಳಿಗ್ಗೆ ಹತ್ತಕ್ಕೆ, ರಜೆಯಲ್ಲಿದ್ದ ನಿನ್ನ ಗಂಡ ಪಕ್ಕದಲ್ಲಿ ನಿಂತು ನೋಡುತ್ತಿದ್ದಂತೆ ಕಳಿಸಿದೆ. ನಿನ್ನ ದಪ್ಪ ಅಕ್ಷರದ ಚೀಟಿಯನ್ನು ಎರಡು ಸಲ ಓದಿ, ಸರಿಯಾದ ಗುಂಡಿಯನ್ನೇ ಒತ್ತಿದೆ.

ನಿನ್ನೆ ಹೊಸ ಚೌಕಟ್ಟು ಬಂತು. ಈ ಸಲ ಲೋಹದ್ದು, ನಾಲ್ಕು ಕಿವಿಯೂ ಗಟ್ಟಿ. ಡಬ್ಬಿ ಈಗ ನೆಟ್ಟಗೆ ನಿಂತಿದೆ, ಅಳತೆಪಟ್ಟಿ ಹಿಡಿದು ನೋಡಿದ್ದೇನೆ, ಕೂದಲೆಳೆಯಷ್ಟೂ ವಾಲಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಒಮ್ಮೆ ನೋಡಿ ಬರುವುದು ಅಭ್ಯಾಸವಾಗಿಬಿಟ್ಟಿದೆ. ಅದನ್ನು ಅಂಗಡಿ ಕೋಣೆಯಿಂದ ಅಲುಗಿಸಿಲ್ಲ. ನೀನು ಬಂದ ಮೇಲೆ ಕೆಲಸ ಬಿಡುವುದೋ ಮುಂದುವರಿಸುವುದೋ ನಿನಗೆ ಬಿಟ್ಟದ್ದು, ಅದರಲ್ಲಿ ನಾನು ತಲೆಹಾಕುವುದಿಲ್ಲ. ಬಿಡಬೇಡ ಎಂಬುದು ನನ್ನ ಆಸೆ. ಎತ್ತಿ ಇಳಿಸಿ ಸಾಕಾಗಿ ಬಿಡುವುದಂತೂ ಬೇಡ. ನನ್ನನ್ನು ಕ್ಷಮಿಸು ಎಂದು ಕೇಳಿದರೆ ಸೊಸೆಯ ಮುಂದೆ ಮಾವನ ದೊಡ್ಡಸ್ತಿಕೆ ಕಡಿಮೆಯಾಗುತ್ತದೆ ಎಂದು ನಮ್ಮಪ್ಪನಂಥವರು ಹೇಳುತ್ತಿದ್ದರು. ಕಡಿಮೆಯಾದರೆ ಆಗಲಿ. ಕ್ಷಮಿಸು.

ನಿನ್ನ ತಾಯಿಯವರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು, ಬಿಸಿಲಿಗೆ ಕಪ್ಪು ಕನ್ನಡಕವಿಲ್ಲದೆ ಹೊರಗೆ ಕಳಿಸಬೇಡ. ನಿನ್ನ ಅತ್ತೆ ಪಕ್ಕದಲ್ಲೇ ನಿಂತು, ಸರಿಯಾಗಿ ಊಟ ಮಾಡಲು ಹೇಳಿ ಎಂದು ಎರಡು ಸಲ ಹೇಳಿದಳು. ನಿನಗೆ ಎಲ್ಲ ಒಳ್ಳೆಯದಾಗಲಿ, ಹೆಸರು ಬರಲಿ, ಆರೋಗ್ಯವಾಗಿರು.

ಇಂತಿ ನಿನ್ನ ಪ್ರೀತಿಯ,
ಮಾವ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು. ಬೋರ್ಡು ಬರೆಯುವವರು ಬೆಳಿಗ್ಗೆಯೇ ಬಂದು ಬಾಗಿಲ ಮೇಲಿನ ನನ್ನ ಹಳೆ ಬೋರ್ಡನ್ನು ಕೆರೆದು, ಬಿಳಿ ಬಣ್ಣ ಬಳಿದು ಹೋಗಿದ್ದಾರೆ. ಒಣಗಬೇಕು, ಅಕ್ಷರ ಬರೆಯಲು ಭಾನುವಾರ ಬರುತ್ತಾರೆ. ಏನು ಬರೆಯಲಿ ಎಂದು ಕೇಳಿದರು, ನನ್ನ ಸೊಸೆಯ ಹೆಸರು ಎಂದೆ. ಹೆಸರಿನ ಜೊತೆಗೆ ನಮ್ಮ ಮನೆತನದ್ದು ಸೇರಿಸಬೇಕೋ, ನಿನ್ನ ತಂದೆಯವರದ್ದೋ, ಬರೀ ನಿನ್ನದಷ್ಟೇ ಸಾಕೋ, ಅದನ್ನು ನೀನೇ ಹೇಳಬೇಕು. ಕಾಗದ ತಲುಪಿದ ಕೂಡಲೇ ಫೋನ್ ಮಾಡಿ ಹೇಳು. ಅಕ್ಷರ ಮಾತ್ರ ದೊಡ್ಡದಾಗಿಯೇ ಇರಲಿ ಎಂದಿದ್ದೇನೆ, ರಸ್ತೆಯ ಆಚೆ ಬದಿಯಿಂದ ಕನ್ನಡಕವಿಲ್ಲದವರಿಗೂ ಕಾಣಬೇಕು.